ಎಳೆಯುವ ಕಾರಿನಿಂದ ಕ್ಯಾರವಾನ್ ಬ್ಯಾಟರಿ ಚಾರ್ಜ್: ರಿಲೇ ಸಾಕೇ, ಡಿಸಿ-ಡಿಸಿ ಚಾರ್ಜರ್ ಬೇಕೇ?

ಕಾರು ಗಂಟೆಗಟ್ಟಲೆ ಓಡಿರುತ್ತದೆ, ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಬಿಡುವಿಲ್ಲದೆ ತಿರುಗಿರುತ್ತದೆ. ಆದರೂ ತಂಗುವ ಜಾಗಕ್ಕೆ ಬಂದು ನೋಡಿದರೆ, ಹಿಂದೆ ಕಟ್ಟಿ ಎಳೆದು ತಂದ ವಾಸದ ಗಾಡಿಯ, ಅಂದರೆ ಕ್ಯಾರವಾನಿನ, ಬ್ಯಾಟರಿ ಹೊರಟಾಗ ಇದ್ದಷ್ಟೇ ಇರುತ್ತದೆ. ಇದಕ್ಕೆ ಮದ್ದು ಎಂದು ಹೇಳುವ ದಾರಿಗಳನ್ನೆಲ್ಲ ಒಂದೊಂದಾಗಿ ನನ್ನ ಗಾಡಿಗೇ ಕಟ್ಟಿ ನೋಡಿದ್ದೇನೆ. ಬ್ಯಾಟರಿ ಎಲ್ಲಕ್ಕೂ ಒಂದೇ: 100 ಆಂಪ್-ಅವರ್‌ನ ಎಜಿಎಂ (ಆಸಿಡ್ ಚೆಲ್ಲದಂತೆ ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿ), ಹೊರಡುವಾಗ ಸುಮಾರು ಅರ್ಧ ಖಾಲಿ. ನೆಗೆಟಿವ್ ತಂತಿಗೆ ಷಂಟ್ (ಹರಿಯುವ ಕರೆಂಟನ್ನು ಅಳೆಯುವ ತುಣುಕು) ಇರುವ ಬ್ಯಾಟರಿ ಮಾನಿಟರ್ ಹಾಕಿದ್ದರಿಂದ, ಓಡುವಾಗ ಒಳಗೆ ಹೋದ ಆಂಪಿಯರ್ ಪಕ್ಕದ ಸೀಟಿನಲ್ಲಿ ಕುಳಿತವರ ಫೋನಿನಲ್ಲೇ ಕಾಣುತ್ತಿತ್ತು. ಬಾನೆಟ್ ಎತ್ತಿ ಕಾರಿನ ಬ್ಯಾಟರಿಯಲ್ಲಿ 14.4 ವೋಲ್ಟ್ ಕಂಡರೆ ಏನೂ ತಿಳಿದಂತಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಕ್ಯಾರವಾನ್ ಬ್ಯಾಟರಿಯ ಟರ್ಮಿನಲ್‌ನಲ್ಲಿ ಸಿಗುವ ವೋಲ್ಟೇಜ್ ಮಾತ್ರ.

ಮೊದಲು ಕಟ್ಟಿದ್ದು ಸಾದಾ ರಿಲೇ, ಅಂದರೆ ಕರೆಂಟಿನಿಂದಲೇ ಕೂಡಿ ಬಿಡುವ ಸ್ವಿಚ್. ಕಾರಿನಿಂದ ಕ್ಯಾರವಾನಿಗೆ ಕರೆಂಟ್ ಕೊಡುವ 13 ಪಿನ್ನಿನ ಸಾಕೆಟ್‌ನಲ್ಲಿ 9ನೇ ಪಿನ್ ಯಾವಾಗಲೂ ಕರೆಂಟ್ ಇರುವುದು, 10ನೇದು ಇಗ್ನಿಷನ್ ಆನ್ ಆದಾಗ ಬರುವುದು. ಎಂಜಿನ್ ಶುರುವಾದರೆ ರಿಲೇ ಕೂಡಿಕೊಂಡು ಎರಡೂ ಬ್ಯಾಟರಿಗಳು ಒಂದಾಗುತ್ತವೆ, ನಿಲ್ಲಿಸಿದರೆ ಬೇರೆಯಾಗುತ್ತವೆ. ಅಗ್ಗ, ಸರಳ, ಕೆಟ್ಟರೆ ಯಾರು ಬೇಕಾದರೂ ಬದಲಿಸಬಹುದು. ತೊಂದರೆ ಇರುವುದು ರಿಲೇಯಲ್ಲಲ್ಲ, ತಂತಿಯಲ್ಲಿ. ಸಾಕೆಟ್‌ಗೆ ಬರುವುದು ಸಾಮಾನ್ಯವಾಗಿ 2.5 ಸ್ಕ್ವೇರ್ ಎಂಎಂ ತಂತಿ. ಕಾರಿನ ಬ್ಯಾಟರಿಯಿಂದ ಕ್ಯಾರವಾನ್ ಬ್ಯಾಟರಿಗೆ 7 ಮೀಟರ್ ಎಂದಿಟ್ಟುಕೊಳ್ಳಿ. ಹೋಗಿ ಬರುವುದು ಸೇರಿ 14 ಮೀಟರ್ ತಾಮ್ರ, ಹತ್ತಿರ ಹತ್ತಿರ 0.1 ಓಮ್. 10 ಆಂಪಿಯರ್ ಹರಿದರೆ ದಾರಿಯಲ್ಲೇ 1 ವೋಲ್ಟ್ ಹೋಯಿತು. 14.4ಕ್ಕೆ ಹೊರಟದ್ದು 13.4 ಆಗಿ ತಲುಪುತ್ತದೆ. ಎಜಿಎಂ ಪೂರ್ತಿ ತುಂಬಲು 14.4 ವೋಲ್ಟಿನಷ್ಟಾದರೂ ಬೇಕು. ಶುರುವಿನಲ್ಲಿ ಹತ್ತರ ಆಸುಪಾಸು ಇದ್ದ ಆಂಪಿಯರ್ ಸ್ವಲ್ಪ ಹೊತ್ತಿಗೇ ಐದಕ್ಕಿಂತ ಕೆಳಗೆ ಇಳಿಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕರೆಂಟ್ ಇಳಿದಂತೆ ತಂತಿಯಲ್ಲಿ ನಷ್ಟವೂ ಇಳಿಯುತ್ತದೆ, ನಿಜ. ಆದರೆ ಆ ವೇಗದಲ್ಲಿ 50 ಆಂಪ್-ಅವರ್ ತುಂಬಿಸಲು ಒಂದು ಹಗಲಿನ ಓಟ ಸಾಲುವುದಿಲ್ಲ.

ಫ್ರಿಜ್ಜನ್ನು ಇಲ್ಲಿ ಮರೆಯುವಂತಿಲ್ಲ. ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್, ಕಾರು ಓಡುವಾಗ 12 ವೋಲ್ಟಿನಲ್ಲಿ 10ರಿಂದ 15 ಆಂಪಿಯರ್ ಎಳೆಯುತ್ತದೆ. ಅದಕ್ಕೆ 10ನೇ ಪಿನ್, ಅದರ ವಾಪಸ್ ತಂತಿಯಾದ 11ನೇ ಪಿನ್, ಎರಡೂ ಪ್ರತ್ಯೇಕವಾಗಿರಬೇಕು. ಬ್ಯಾಟರಿ ಚಾರ್ಜನ್ನೂ ಫ್ರಿಜ್ಜನ್ನೂ ಒಂದೇ ತಂತಿಗೆ ಕಟ್ಟಿದ ಗಾಡಿಗಳಲ್ಲಿ ಬ್ಯಾಟರಿಗೆ ತಲುಪುವ ವೋಲ್ಟೇಜ್ 13ಕ್ಕಿಂತ ಕೆಳಗೆ ಹೋಗುತ್ತದೆ. ಫ್ರಿಜ್ ತಣ್ಣಗಾಗುತ್ತದೆ, ಬ್ಯಾಟರಿ ಹಸಿದೇ ಇರುತ್ತದೆ.

ವೋಲ್ಟೇಜ್ ನೋಡಿ ತಾನೇ ಕೂಡಿಕೊಳ್ಳುವ ರಿಲೇ ಇದಕ್ಕಿಂತ ಜಾಣ ಅನ್ನುತ್ತಾರೆ. 13.3ರ ಸುಮಾರಿಗೆ ಕೂಡುತ್ತದೆ, 12.8ರ ಸುಮಾರಿಗೆ ಬಿಡುತ್ತದೆ, ಇಗ್ನಿಷನ್ ತಂತಿ ಎಳೆಯುವ ಕೆಲಸ ಉಳಿಯುತ್ತದೆ. ಹಳೆಯ ಕಾರಿನಲ್ಲಿ ಒಳ್ಳೆಯದೇ. ಸ್ಮಾರ್ಟ್ ಆಲ್ಟರ್ನೇಟರ್ ಇರುವ ಹೊಸ ಕಾರಿಗೆ ಇದು ಬೇಡವೇ ಬೇಡ. ಇಂಧನ ಉಳಿಸಲೆಂದು ಆ ಕಾರುಗಳು ತಮ್ಮ ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜನ್ನು 12.5ರ ಆಸುಪಾಸಿಗೆ ಇಳಿಸುತ್ತವೆ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಕಾಲು ತೆಗೆದಾಗ 15ರ ಹತ್ತಿರ ಏರಿಸುತ್ತವೆ. ರಿಲೇ ಕೂಡುವುದು, ಬಿಡುವುದು, ಮತ್ತೆ ಕೂಡುವುದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವಾಗಂತೂ, ಅಂದರೆ ಚಾರ್ಜ್ ಆಗಲು ಅತ್ಯುತ್ತಮ ಹೊತ್ತಿನಲ್ಲೇ, ಅದು ಬಿಟ್ಟುಕೊಂಡೇ ಕೂತಿರುತ್ತದೆ.

ಇನ್ನು ದಪ್ಪ ತಂತಿ. 16 ಸ್ಕ್ವೇರ್ ಎಂಎಂ ತಂತಿಯನ್ನು ಕಾರಿನ ಬ್ಯಾಟರಿಯಿಂದ ಹಿಂದಕ್ಕೆ ಎಳೆದು, 50 ಆಂಪಿಯರಿನ ಆಂಡರ್ಸನ್ ಪ್ಲಗ್ (ಹೆಚ್ಚು ಕರೆಂಟ್ ತಡೆಯುವ ದಪ್ಪ ಪ್ಲಗ್) ಹಾಕಿ, ಅದೇ ಸಾದಾ ರಿಲೇಯಿಂದ ನಡೆಸಿದೆ. ಅದೇ 14 ಮೀಟರಿಗೆ ಈಗ 20 ಆಂಪಿಯರ್ ಹರಿದರೂ ನಷ್ಟ 0.3 ವೋಲ್ಟ್ ಅಷ್ಟೇ. ಈ ಹೋಲಿಕೆಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಬದಲಾವಣೆ ಇದೇ. ಹಳೆಯ ಮಾದರಿಯ ಆಲ್ಟರ್ನೇಟರ್, ಎಜಿಎಂ ಅಥವಾ ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿ ಇರುವವರು ಇಷ್ಟಕ್ಕೇ ನಿಲ್ಲಬಹುದು, ಹೆಚ್ಚಿನ ಪೆಟ್ಟಿಗೆಗಳಿಗೆ ದುಡ್ಡು ಹಾಕಬೇಕಿಲ್ಲ. ತಂತಿಯ ಎರಡೂ ತುದಿಯಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ, ಫ್ಯೂಸ್ ಮಾತ್ರ ಇರಲೇಬೇಕು. ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ತಂತಿ ಎಲ್ಲಿ ಉಜ್ಜಿ ತಾಗಿದರೂ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ.

ಕಾರಿನ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಂತೆ ಬದಲಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇರೆಯದೇ ಲೆಕ್ಕ. ಒಳಗೆ ಬರುವುದು 12 ವೋಲ್ಟ್ ಇರಲಿ, 15 ಇರಲಿ, ಹೊರಗೆ ಕೊಡುವುದು ಬ್ಯಾಟರಿಗೆ ಬೇಕಾದ 14.4. ಹಂತ ಹಂತವಾಗಿ ಚಾರ್ಜ್ ಮಾಡಿ, ತುಂಬಿದ ಮೇಲೆ 13.6ರ ಆಸುಪಾಸಿನ ಫ್ಲೋಟ್‌ಗೆ, ಅಂದರೆ ತುಂಬಿದ್ದನ್ನು ಹಾಗೇ ಉಳಿಸುವ ವೋಲ್ಟೇಜಿಗೆ, ಇಳಿಯುತ್ತದೆ. ಸ್ಮಾರ್ಟ್ ಆಲ್ಟರ್ನೇಟರಿನ ಏರಿಳಿತಕ್ಕೆ ಇದು ಜಗ್ಗುವುದಿಲ್ಲ. ಅರ್ಧ ಖಾಲಿಯಾದ ನನ್ನ ಬ್ಯಾಟರಿಗೆ 20 ಆಂಪಿಯರ್ ಬಹಳ ಹೊತ್ತು ಕದಲದೆ ಹೋಗುತ್ತಿತ್ತು. ರಿಲೇಯಲ್ಲಿ ಅದನ್ನು ನಾನು ಕಂಡೇ ಇಲ್ಲ.

ಆದರೆ ಇದನ್ನು ಮಾರುವವರು ಹೇಳದೆ ಬಿಡುವ ಮಾತೊಂದಿದೆ: ಚಾರ್ಜರ್ ಹಾಕಿದ ಮಾತ್ರಕ್ಕೆ ಸಣ್ಣ ತಂತಿಗೆ ಕ್ಷಮೆ ಸಿಗುವುದಿಲ್ಲ. 14.4 ವೋಲ್ಟಿನಲ್ಲಿ 20 ಆಂಪಿಯರ್ ಎಂದರೆ 288 ವಾಟ್. ಒಳಗೆ ಬರುವುದು 12 ವೋಲ್ಟ್, ದಕ್ಷತೆ ಶೇಕಡಾ 90 ಎಂದುಕೊಂಡರೆ ಕಾರಿನಿಂದ ಎಳೆಯುವುದು 27 ಆಂಪಿಯರಿನಷ್ಟು. 2.5 ಸ್ಕ್ವೇರ್ ಎಂಎಂ ತಂತಿಯಲ್ಲಿ ಅಷ್ಟು ಹರಿದರೆ ಎರಡೂವರೆ ವೋಲ್ಟಿಗಿಂತ ಹೆಚ್ಚು ಕುಸಿಯುತ್ತದೆ, ಪ್ಲಗ್ಗಿನ ಪಿನ್ನು ಬಿಸಿಯಾಗುತ್ತದೆ, ವೋಲ್ಟೇಜ್ ಸಾಲದೆ ಚಾರ್ಜರ್ ನಿಂತುಹೋಗುತ್ತದೆ. ಸಾಕೆಟ್ಟಿನ ತಂತಿಯನ್ನೇ ನೆಚ್ಚುವವರು 10 ಆಂಪಿಯರಿನ ಚಾರ್ಜರ್ ಕೊಳ್ಳಲಿ, ಇಲ್ಲವೇ ಮಿತಿ ಇಳಿಸಲು ಬರುವಂಥದ್ದನ್ನು. ಚಾರ್ಜರನ್ನು ಕಾರಿನಲ್ಲಲ್ಲ, ಕ್ಯಾರವಾನ್ ಬ್ಯಾಟರಿಯ ಪಕ್ಕದಲ್ಲೇ, ಗಾಳಿಯಾಡುವ ಕಡೆ ಕೂರಿಸಿ. ಚಾಲೂ ಮಾಡುವ ಸಂಜ್ಞೆಯನ್ನು ಇಗ್ನಿಷನ್ ತಂತಿಯಿಂದಲೇ ಕೊಡಿ. ವೋಲ್ಟೇಜ್ ನೋಡಿ ಶುರುವಾಗಲು ಬಿಟ್ಟರೆ ಸ್ಮಾರ್ಟ್ ಆಲ್ಟರ್ನೇಟರಿನ ಹಳೆಯ ಗೋಳೇ ವಾಪಸು ಬರುತ್ತದೆ.

ಕ್ಯಾರವಾನಿನಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ಹೋಲಿಕೆಗೆ ಜಾಗವೇ ಇಲ್ಲ. ಅದರ ಒಳರೋಧ ಬಹಳ ಕಡಿಮೆ. ದಪ್ಪ ತಂತಿ, ಸಾದಾ ರಿಲೇ ಕೊಟ್ಟರೆ ಸಿಕ್ಕಷ್ಟು ಕರೆಂಟ್ ಎಳೆದುಕೊಂಡು ಆಲ್ಟರ್ನೇಟರನ್ನು ಕಾಯಿಸಿಬಿಡುತ್ತದೆ. ಅಲ್ಲಿ ಡಿಸಿ-ಡಿಸಿ ಚಾರ್ಜರ್ ಕಡಿವಾಣ.

ನನ್ನ ಗಾಡಿಯಲ್ಲಿ ಈಗ ಉಳಿದಿರುವುದು ದಪ್ಪ ತಂತಿ, ಆಂಡರ್ಸನ್ ಪ್ಲಗ್, 20 ಆಂಪಿಯರಿನ ಚಾರ್ಜರ್. ಎರಡನ್ನೂ ಒಟ್ಟಿಗೆ ಕೊಳ್ಳಲಾಗದವರು ಮೊದಲು ತಂತಿ ಹಾಕಿಸಿಕೊಳ್ಳಲಿ. ಚಾರ್ಜರ್ ಆಮೇಲೆ ಅದಕ್ಕೇ ಸೇರುತ್ತದೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಓಡಿಸಿ, ದಿನಗಟ್ಟಲೆ ಒಂದೇ ಕಡೆ ನಿಲ್ಲುವವರಿಗೆ ನಾನು ಇವೆರಡನ್ನೂ ಹೇಳುವುದಿಲ್ಲ. 20 ಆಂಪಿಯರಿನಲ್ಲಿ ಅರ್ಧ ಗಂಟೆಗೆ ಸಿಗುವುದು 10 ಆಂಪ್-ಅವರ್. ಚಾವಣಿಯ ಮೇಲಿನ 100 ವಾಟಿನ ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಅದನ್ನು ಎರಡು ಮೂರು ಗಂಟೆಯೊಳಗೆ, ಎಂಜಿನ್ ಇಲ್ಲದೆಯೇ, ಕೊಡುತ್ತದೆ.