ಸ್ಪೆಕ್ಟ್ರಮ್‌ಗೆ ಜೊತೆಯಾದ 14 ಇಂಚಿನ ಹಳೆಯ ಟಿ.ವಿ.

ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1982ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್, ಮನೆಯಲ್ಲಿರುವ ಟಿ.ವಿ.ಯನ್ನೇ ಪರದೆಯಾಗಿ ನಂಬಿಕೊಂಡು ರೂಪುಗೊಂಡ ಕಂಪ್ಯೂಟರು. ನನ್ನ ಬಳಿಯಿರುವ 48ಕೆ (48 ಕಿಲೋಬೈಟ್ ನೆನಪಿನ) ಯಂತ್ರಕ್ಕಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಯ ಒಳಗಲ್ಲಿಯೊಂದರ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ 1,200 ರೂಪಾಯಿಗೆ ಕೊಂಡ ಪಿಕ್ಚರ್ ಟ್ಯೂಬಿನ ಕಲರ್ ಟಿ.ವಿ.ಯನ್ನು ನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ.

ಹಾಲಿನಲ್ಲಿರುವ ಎಲ್‌ಇಡಿ ಟಿ.ವಿ.ಯನ್ನು ಮೊದಲು ಪ್ರಯತ್ನಿಸಿದ್ದೆ. ಸ್ಪೆಕ್ಟ್ರಮ್ ಸೆಕೆಂಡಿಗೆ 50 ಬಾರಿ ಪೂರ್ಣ ಚಿತ್ರವನ್ನೇ ಕಳುಹಿಸುತ್ತದೆ, ಆ ಟಿ.ವಿ. ಅದನ್ನು ಬೆಸ ಗೆರೆ, ಸಮ ಗೆರೆಗಳೆಂದು ಬಿಡಿಸಿ ಕಳುಹಿಸಿದ ಪ್ರಸಾರವೆಂದು ತಿಳಿದು ಹೊಲಿಯಲು ಹೋಗುತ್ತದೆ, ಹೀಗಾಗಿ ಓಡುವ ಆಕೃತಿಗಳ ಅಂಚು ಕಲಸಿಹೋಗುತ್ತದೆ, ಕೀಲಿ ಒತ್ತಿದ್ದಕ್ಕೂ ಪರದೆ ಸ್ಪಂದಿಸುವುದಕ್ಕೂ ನಡುವೆ ಅಂತರ ಬೀಳುತ್ತದೆ. ಹಳೆಯ ಟ್ಯೂಬಿನಲ್ಲಿ ಈ ಎರಡೂ ತೊಂದರೆಗಳಿಲ್ಲ.

ಆಂಟೆನಾ ಸಾಕೆಟ್ಟಿನ ಮೂಲಕ, ಯುಎಚ್‌ಎಫ್ 36ನೇ ಚಾನಲ್‌ನಲ್ಲಿ ಸಿಕ್ಕ ಚಿತ್ರ ಮಾತ್ರ ನಿರಾಸೆ ತಂದಿತು. ಕಂಪ್ಯೂಟರಿನೊಳಗೆ ಚಿತ್ರವನ್ನು ಟಿ.ವಿ. ಚಾನಲ್ಲಿನ ಸಂಕೇತವಾಗಿಸುವ ಮಾಡ್ಯುಲೇಟರ್ ಬಿಸಿಯಾದಂತೆ ಟ್ಯೂನಿಂಗ್ ಜಾರುತ್ತಿತ್ತು, ಅಕ್ಷರಗಳ ಮೈಮೇಲೆ ಮರಳು ಹರಿದಂತೆ ಕಾಣುತ್ತಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರು ಮಾಡ್ಯುಲೇಟರನ್ನು ಬದಿಗಿಟ್ಟು ಬೋರ್ಡಿನಿಂದ ನೇರವಾಗಿ ವಿಡಿಯೊ ತೆಗೆದು ಟಿ.ವಿ.ಯ ಹಳದಿ ಎವಿ ಪಿನ್ನಿಗೆ ಕೊಟ್ಟ ಮೇಲೆ ಸಾಲಿಗೆ 32 ಅಕ್ಷರಗಳ ಬೇಸಿಕ್ ಭಾಷೆಯ ಪ್ರೋಗ್ರಾಮು ಆರಾಮವಾಗಿ ಓದಲು ಬರುತ್ತದೆ. ಕಪ್ಪಿನ ಮೇಲಿನ ಕೆಂಪು ಈಗಲೂ ಸ್ವಲ್ಪ ಹರಡುತ್ತದೆ. ನಂತರ ಬಂದ ಸ್ಪೆಕ್ಟ್ರಮ್ 128 ಮಾದರಿ ಇರುವವರಿಗೆ ಒಂದು ಮಾತು: ಅದರ ಧ್ವನಿಯೂ ಆಂಟೆನಾ ದಾರಿಯಲ್ಲೇ ಬರುತ್ತದೆ, ಆದರೆ ಬ್ರಿಟನ್ನಿನಲ್ಲಿ ಧ್ವನಿ ಚಿತ್ರದಿಂದ 6 ಮೆಗಾಹರ್ಟ್ಸ್ ದೂರದಲ್ಲಿದ್ದರೆ ನಮ್ಮಲ್ಲಿ 5.5, ಆದ್ದರಿಂದ ಇಲ್ಲಿಯ ಸೆಟ್ಟಿನಲ್ಲಿ ಚಿತ್ರ ಬಂದರೂ ಧ್ವನಿ ಸರಿಯಾಗಿ ಬರಲಾರದು.

ಕಣ್ಣಿಗೆ ಆಯಾಸವಾಗುವುದು ಬೇರೆ ಕಾರಣಕ್ಕೆ. ಸ್ಪೆಕ್ಟ್ರಮ್ ಆರಂಭವಾಗುವುದೇ ಬಿಳಿ ಹಿನ್ನೆಲೆಯಲ್ಲಿ. 50 ಹರ್ಟ್ಸ್‌ನಲ್ಲಿ ಆ ಬಿಳುಪು ಮಿಣುಕುವುದು ಓರೆನೋಟಕ್ಕೂ ತಿಳಿಯುತ್ತದೆ. ಕೂತೊಡನೆ ಹಿನ್ನೆಲೆಯನ್ನೂ ಅಂಚನ್ನೂ ಕಪ್ಪು ಮಾಡಿಕೊಳ್ಳುವುದು ಈಗ ನನಗೆ ಅಭ್ಯಾಸ. ಟ್ಯೂಬಿನ 15,625 ಹರ್ಟ್ಸ್‌ನ ಕೀರಲು ಸದ್ದು ನನ್ನ ಕಿವಿಗೆ ಬೀಳುವುದಿಲ್ಲ, ಮಗಳು ಮಾತ್ರ ಕೋಣೆಗೆ ಬಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ.

ಅಂಗಡಿಯವರು ಸೆಟ್‌ಟಾಪ್ ಬಾಕ್ಸ್ ಹಾಕಿ ಚಿತ್ರ ತೋರಿಸಿದರೇ ಹೊರತು ರಿಮೋಟ್ ಕೊಡಲಿಲ್ಲ. ಈ ಸೆಟ್ಟಿನಲ್ಲಿ ಎವಿಗೆ ಹೋಗುವ ಗುಂಡಿ ಇರುವುದು ರಿಮೋಟಿನಲ್ಲಿ ಮಾತ್ರ ಎಂಬುದು ಮನೆಗೆ ತಂದ ಮೇಲೆ ತಿಳಿಯಿತು. 150 ರೂಪಾಯಿಯ ಯುನಿವರ್ಸಲ್ ರಿಮೋಟ್ ಬೇರೆ ಕೊಳ್ಳಬೇಕಾಯಿತು. ಕರೆಂಟ್ ಹೋಗಿ ಬಂದಾಗಲೆಲ್ಲ ಟಿ.ವಿ. 1ನೇ ಚಾನಲ್‌ಗೆ ಹೋಗಿ ಕೂರುವುದರಿಂದ ಆ ಗುಂಡಿಯನ್ನು ಮತ್ತೆ ಒತ್ತಬೇಕು. ಅವಸರವೇನೂ ಇರುವುದಿಲ್ಲ, ಅಷ್ಟರಲ್ಲಿ ಟೈಪು ಮಾಡಿದ ಪ್ರೋಗ್ರಾಮೂ ಸ್ಪೆಕ್ಟ್ರಮ್‌ನ ನೆನಪಿನಿಂದ ಅಳಿಸಿಹೋಗಿರುತ್ತದೆ.