ಬ್ಲೂ ಮಂಡೇ: ಹಳೇ ಪ್ಲೇಟಾ, ಹೊಸದಾ, ಫೈಲಾ?

ಇಂಗ್ಲೆಂಡಿನ ಸಂಗೀತ ತಂಡ ನ್ಯೂ ಆರ್ಡರ್‌ನ ‘ಬ್ಲೂ ಮಂಡೇ’ ಹಾಡನ್ನು ಯಾವ ರೂಪದಲ್ಲಿ ಕೊಳ್ಳಲಿ ಅಂತ ಕೇಳಿದ್ದೀರಿ. ಕವರ್ ಮುಖ್ಯವಾದರೆ 1983ರ 12 ಇಂಚಿನ ಗ್ರಾಮಫೋನ್ ಪ್ಲೇಟನ್ನೇ ಹುಡುಕಿ. ವಿನ್ಯಾಸಕಾರ ಪೀಟರ್ ಸ್ಯಾವಿಲ್ ಹಳೇ ಕಂಪ್ಯೂಟರಿನ ಫ್ಲಾಪಿ ಡಿಸ್ಕ್ ಥರ ರೂಪಿಸಿದ ಆ ಕವರಿನ ಮುಂಭಾಗದಲ್ಲಿ ತಂಡದ ಹೆಸರು ಅಕ್ಷರದಲ್ಲಿಲ್ಲ, ಬಣ್ಣದ ಸಂಕೇತದಲ್ಲಿದೆ, ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸೇ ಬರುವುದಿಲ್ಲ. ಆದರೆ ಕುಣಿತಕ್ಕೆಂದೇ ಹಾಕಿ ಹಾಕಿ ಸವೆದ ಪ್ರತಿಗಳು ಜಾಸ್ತಿ, ಗೀರು ನೋಡಿಯೇ ದುಡ್ಡು ಕೊಡಿ.

ಪ್ಲೇಟ್ ಹಾಕುವ ಪ್ಲೇಯರ್ ಇದೆ, ಶುದ್ಧ ಸದ್ದು ಸಾಕು ಅನ್ನುವವರಿಗೆ ಅದೇ ಪ್ಲೇಟಿನ 2020ರ ಮರುಮುದ್ರಣ ಒಳ್ಳೇದು.

ಪ್ಲೇಯರೇ ಇಲ್ಲದಿದ್ದರೆ ಡಿಜಿಟಲ್ ಫೈಲ್ ತಗೊಳ್ಳಿ. ಅಗ್ಗ, ಸವೆಯುವುದಿಲ್ಲ, ಬಸ್ಸಿನಲ್ಲೂ ಕೇಳಬಹುದು. ಒಂದೇ ಎಚ್ಚರ: ನಾಲ್ಕು ನಿಮಿಷದ ಮೊಟಕು ಆವೃತ್ತಿ ಬೇಡ. ಏಳೂವರೆ ನಿಮಿಷದ್ದೇ ಬೇಕು, ಆ ಡ್ರಮ್ ಮೆಷಿನ್ನಿನ ಬಡಿತದ ಮೇಲೆ ಕತ್ತಲು ನಿಧಾನಕ್ಕೆ ಕವಿಯುವುದೇ ಹಾಡಿನ ಜೀವ ಅಲ್ವಾ?