ಟೀ ಶರ್ಟ್ ಬಟ್ಟೆಯ ಟಾಪ್: ಜಿಗ್‌ಜ್ಯಾಗ್ ಸಾಕೋ, ಓವರ್‌ಲಾಕ್ ಬೇಕೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಾಮೂಲಿ ಮಷಿನ್ನಿನ ಸಣ್ಣ ಜಿಗ್‌ಜ್ಯಾಗ್‌ಗೆ. ಹೊಲಿಯುತ್ತಲೇ ಅಂಚು ಕತ್ತರಿಸಿ ಸುತ್ತುವ ಓವರ್‌ಲಾಕ್ ಮಷಿನ್ನಿಗೆಂದು ದುಡ್ಡು ಎತ್ತಿಟ್ಟಿದ್ದೆ. ಕೊಳ್ಳುವ ಮುಂಚೆ ಅಕ್ಕನ ಓವರ್‌ಲಾಕ್ ಮನೆಗೆ ತಂದು, ಒಂದೇ ಅಳತೆಯ ಟಾಪನ್ನು ಬೇರೆ ಬೇರೆ ಹೊಲಿಗೆಯಲ್ಲಿ ಹೊಲಿದು ನೋಡಿದೆ. ಮಷಿನ್ ಅಕ್ಕನ ಮನೆಗೆ ವಾಪಸ್ ಹೋಯಿತು. ನಾನು ಕೊಂಡದ್ದು ಸ್ಟ್ರೆಚ್ ಸೂಜಿಗಳ ಒಂದು ಪೊಟ್ಟಣ.

ಟಾಪ್ ತೀರಾ ಸರಳ. ಮುಂಭಾಗ, ಹಿಂಭಾಗ, ಎರಡು ತೋಳು, ಕತ್ತಿಗೊಂದು ಪಟ್ಟಿ. ಟಕ್ಕಿಲ್ಲ, ಗುಂಡಿಯಿಲ್ಲ, ಜಿಪ್ಪಿಲ್ಲ. ಬಟ್ಟೆ ಹತ್ತಿಗೆ ಸ್ವಲ್ಪ ಲೈಕ್ರಾ (ರಬ್ಬರಿನಂತೆ ಹಿಗ್ಗುವ ಎಳೆ) ಬೆರೆತ ಸಿಂಗಲ್ ಜೆರ್ಸಿ, ಅಂದರೆ ಟೀ ಶರ್ಟಿನ ತೆಳು ಹೆಣಿಗೆ ಬಟ್ಟೆ. ಅಡ್ಡಕ್ಕೆ ಎಳೆದರೆ 10 ಸೆಂ.ಮೀ. ಇದ್ದದ್ದು ಆರಾಮವಾಗಿ 14ಕ್ಕೆ ಹೋಗುತ್ತದೆ, ಬಿಟ್ಟ ಕೂಡಲೇ ಹತ್ತಕ್ಕೇ ಮರಳುತ್ತದೆ. ಹಿಗ್ಗುವುದನ್ನು ಎಲ್ಲರೂ ನೋಡುತ್ತಾರೆ, ಮರಳುವುದನ್ನೂ ನೋಡಿ ಕೊಳ್ಳಿ. ಮರಳದ ಬಟ್ಟೆಯ ಟಾಪ್ ಮೊಣಕೈ ಹತ್ತಿರ ಬುಟ್ಟಿಯಾಗುತ್ತದೆ, ಆಗ ಯಾವ ಹೊಲಿಗೆ ಹಾಕಿದ್ದರೂ ಅಷ್ಟೆ. ಕತ್ತರಿಸುವ ಮುಂಚೆ ತೊಳೆದು ಒಣಗಿಸುವುದನ್ನಂತೂ ಬಿಡಲೇಬೇಡಿ.

ನೇರ ಹೊಲಿಗೆಯನ್ನು ನಾನು ಸ್ಪರ್ಧೆಗೇ ಸೇರಿಸಿಕೊಳ್ಳಲಿಲ್ಲ. ಈ ಬಟ್ಟೆ ಕುಣಿಕೆಯೊಳಗೆ ಕುಣಿಕೆ ಹಾಕಿ ಹೆಣೆದದ್ದು. ಎಳೆದರೆ ಕುಣಿಕೆಗಳು ಅಗಲವಾಗುತ್ತವೆ. ನೇರವಾಗಿ ಓಡಿದ ದಾರಕ್ಕೆ ಹಾಗೆ ಅಗಲವಾಗಲು ಆಸ್ಪದವೇ ಇಲ್ಲ, ತಲೆ ತೂರಿಸುವಾಗ ಪಟ್ಟನೆ ಕಡಿಯುತ್ತದೆ. ಹೆಗಲಿಗೆ ಮಾತ್ರ ಅದು ನಡೆಯುತ್ತದೆ, ಯಾಕೆಂದರೆ ಹೆಗಲು ಹಿಗ್ಗಲೇಬಾರದು. ಇಡೀ ಟಾಪಿನ ಭಾರ ನೇತುಬೀಳುವುದು ಅಲ್ಲೇ. ಯಾವ ಮಷಿನ್ನಿನಲ್ಲಿ ಹೊಲಿದರೂ ಹೆಗಲಿನ ಹೊಲಿಗೆಯೊಳಗೆ ಒಂದು ತೆಳು ಟೇಪು ಸೇರಿಸುತ್ತೇನೆ.

ಜಿಗ್‌ಜ್ಯಾಗ್ ಅಂದರೆ ಕಾಜಾ ಸುತ್ತ ಬರುವಂಥ ದಟ್ಟ ಹೊಲಿಗೆಯಲ್ಲ. ಅಗಲ 0.5ರಿಂದ 1 ಮಿ.ಮೀ., ಉದ್ದ 2.5. ದೂರದಿಂದ ನೋಡಿದರೆ ನೇರ ಹೊಲಿಗೆಯೇ ಅನ್ನಬೇಕು, ಅಷ್ಟು ಕಿರಿದು. ಆ ಸಣ್ಣ ಅಂಕುಡೊಂಕೇ ದಾರಕ್ಕೆ ಸಿಗುವ ಉಳಿತಾಯ. ಬಟ್ಟೆ ಹಿಗ್ಗಿದಾಗ ಅದು ಖರ್ಚಾಗುತ್ತದೆ. ಅಗಲ ಹೆಚ್ಚಿಸಿದರೆ ಇನ್ನೂ ಹಿಗ್ಗುತ್ತದೆ ನಿಜ, ಆದರೆ ಮೇಲಿನಿಂದ ಎಳೆದಾಗ ಹೊಲಿಗೆ ಬಾಯಿಬಿಟ್ಟು ದಾರ ಇಣುಕುತ್ತದೆ. ದಾರ ಪಾಲಿಯೆಸ್ಟರ್ ಇರಲಿ, ಹತ್ತಿಯದು ಬೇಡ.

ಇನ್ನು ಸೂಜಿ. ಮನೆಯ ಮಷಿನ್ನಿನಲ್ಲಿ ಟೀ ಶರ್ಟ್ ಬಟ್ಟೆ ಹೊಲಿಯಲು ಆಗುವುದೇ ಇಲ್ಲ ಅನ್ನುವವರು ಎಷ್ಟೋ ಜನ. ಅವರಲ್ಲಿ ಬಹಳಷ್ಟು ಮಂದಿ ಬೈಯಬೇಕಾದದ್ದು ಮಷಿನ್ನನ್ನಲ್ಲ. ಮಾಮೂಲಿ ಚೂಪು ಸೂಜಿ ಎಳೆಯನ್ನೇ ತೂತು ಮಾಡಿ ಒಳಗಿಳಿಯುತ್ತದೆ. ಒಂದು ಕುಣಿಕೆ ಕಡಿದರೆ ಸಾಕು, ಒಗೆದ ಮೇಲೆ ಅಲ್ಲಿಂದ ಕುಣಿಕೆಗಳು ಬಿಚ್ಚುತ್ತಾ ತೂತು ಬೆಳೆಯುತ್ತದೆ. ತುದಿ ದುಂಡಗಿರುವ ಜೆರ್ಸಿ ಸೂಜಿ ಎಳೆಗಳನ್ನು ಪಕ್ಕಕ್ಕೆ ಸರಿಸಿ ನಡುವೆ ಇಳಿಯುತ್ತದೆ. ಲೈಕ್ರಾ ಇದ್ದರೆ ಅದೂ ಸಾಲದು, ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಸೂಜಿ ಕೆಳಗಿಳಿದು ಚೂರು ಮೇಲೇಳುವಾಗ ಅದರ ಹಿಂದೆ ದಾರದ ಪುಟ್ಟ ಕುಣಿಕೆಯೊಂದು ಮೂಡಬೇಕು, ಬಾಬಿನ್ ಕಡೆಯ ಕೊಕ್ಕೆ ಅದನ್ನು ಹಿಡಿಯಬೇಕು. ರಬ್ಬರಿನ ಗುಣದ ಬಟ್ಟೆ ಸೂಜಿಗೆ ಅಂಟಿಕೊಂಡು ತಾನೂ ಮೇಲೆದ್ದುಬಿಟ್ಟರೆ ಕುಣಿಕೆ ಮೂಡುವುದಿಲ್ಲ, ಕೊಕ್ಕೆಗೆ ಸಿಗುವುದೂ ಇಲ್ಲ. ಸ್ಟ್ರೆಚ್ ಸೂಜಿಯ ಕಣ್ಣು ಮತ್ತು ಬೆನ್ನಿನ ತಗ್ಗನ್ನು ಇದಕ್ಕೆಂದೇ ಬೇರೆ ಥರ ಮಾಡಿರುತ್ತಾರೆ. ನಾನು 75ನೇ ಸೈಜಿನ ಸ್ಟ್ರೆಚ್ ಸೂಜಿ ಹಾಕಿದ ಮೇಲೆ ಹೊಲಿಗೆ ಬಿಡುವುದು ನಿಂತಿತು, ಮಷಿನ್ ಅದೇ, ದಾರ ಅದೇ.

ಮಿಂಚಿನ ಗುರುತು ಇರುವ ಸ್ಟ್ರೆಚ್ ಹೊಲಿಗೆ ಹಲವು ಮಷಿನ್ನುಗಳಲ್ಲಿದೆ. ಗಟ್ಟಿ, ನೋಡಲೂ ಜಿಗ್‌ಜ್ಯಾಗ್‌ಗಿಂತ ನೇರ. ಆದರೆ ಹಿಂದೆ ಮುಂದೆ ಹೋಗುತ್ತಾ ಒಂದೇ ಜಾಗವನ್ನು ಮತ್ತೆ ಮತ್ತೆ ಹೊಲಿಯುವುದರಿಂದ ತೆಳು ಜೆರ್ಸಿ ಅಲೆಅಲೆಯಾಗುತ್ತದೆ, ಬಿಚ್ಚಬೇಕಾಗಿ ಬಂದರೆ ಬಟ್ಟೆಯೂ ಜೊತೆಗೆ ಹರಿಯುತ್ತದೆ. ಹೊಲಿಯುವಷ್ಟೇ ಹೊತ್ತು ಬಿಚ್ಚುವ ನನ್ನಂಥವರಿಗೆ ಇದು ಆಗದ ಮಾತು.

ಈಗ ಅಕ್ಕನ ಓವರ್‌ಲಾಕ್. ಪಕ್ಕದ ಹೊಲಿಗೆಯ ಮಟ್ಟಿಗೆ ಇದರ ಮುಂದೆ ಯಾವುದೂ ನಿಲ್ಲುವುದಿಲ್ಲ, ಒಪ್ಪಿಕೊಳ್ಳಲೇಬೇಕು. ಎರಡು ಸೂಜಿ, ಎರಡು ಲೂಪರ್ (ಬಾಬಿನ್ ಬದಲು ದಾರ ಹೊತ್ತು ಕುಣಿಕೆ ಹಾಕುವ ಕೊಕ್ಕೆಗಳು), ನಾಲ್ಕು ದಾರ. ಹೊಲಿಯುವುದು, ಅಂಚು ಕತ್ತರಿಸುವುದು, ಅಂಚು ಸುತ್ತುವುದು ಮೂರೂ ಒಂದೇ ಓಟದಲ್ಲಿ. ಕೆಳಗೆ ಬಟ್ಟೆ ತಳ್ಳುವ ಹಲ್ಲುಗಳು ಎರಡು ಜೊತೆ. ಡಿಫರೆನ್ಷಿಯಲ್ ಅನ್ನುವ ಗುಂಡಿಯನ್ನು 1.5ಕ್ಕೆ ತಿರುಗಿಸಿದರೆ ಮುಂದಿನ ಹಲ್ಲು ಹಿಂದಿನದಕ್ಕಿಂತ ಹೆಚ್ಚು ಬಟ್ಟೆ ನೂಕುತ್ತದೆ, ಹಾಗಾಗಿ ಹೊಲಿಗೆ ಅಲೆಯಾಗುವುದಿಲ್ಲ. ಜಿಗ್‌ಜ್ಯಾಗ್‌ನಲ್ಲಿ ಇದೇ ಫಲಿತಾಂಶಕ್ಕೆ ಪಾದದ ಒತ್ತಡ ಇಳಿಸಬೇಕು, ಬಟ್ಟೆಯನ್ನು ಕೈಯಿಂದ ಎಳೆಯದೆ ಸುಮ್ಮನೆ ಬಿಡಬೇಕು, ಕೊನೆಗೆ ಹಬೆಯ ಇಸ್ತ್ರಿ ಒತ್ತಬೇಕು.

ಆದರೆ ಕೆಳಗಿನ ಲೂಪರ್! ನನ್ನ ಬೇಸರವೆಲ್ಲ ಇದರ ಮೇಲೇ. ದಾರ ಪೋಣಿಸಲು ಕ್ರಮವಿದೆ: ಅಕ್ಕನ ಮಷಿನ್ನಿನಲ್ಲಿ ಮೊದಲು ಮೇಲಿನ ಲೂಪರ್, ಆಮೇಲೆ ಕೆಳಗಿನದು, ಕೊನೆಗೆ ಸೂಜಿಗಳು. ಕೆಳಗಿನ ಲೂಪರಿನ ದಾರಿ ಮಷಿನ್ನಿನ ಹೊಟ್ಟೆಯೊಳಗೆ ಅಡ್ಡಾದಿಡ್ಡಿ ಹೋಗುತ್ತದೆ, ಬೆರಳು ಹಿಡಿಸುವುದಿಲ್ಲ, ಚಿಮಟ ಹಿಡಿದೇ ಎಳೆಯಬೇಕು. ಅದೂ ಇರಲಿ. ಹೊಲಿಯುವ ನಡುವೆ ಕೆಳಗಿನ ಲೂಪರಿನ ದಾರ ಕಡಿದರೆ ಅದೊಂದನ್ನೇ ಮತ್ತೆ ಪೋಣಿಸಿ ಮುಂದುವರಿಯುವ ಹಾಗಿಲ್ಲ. ಸೂಜಿಗಳ ದಾರ ಅಲ್ಲೇ ಇದ್ದರೆ ಹೊಸ ದಾರ ಅದಕ್ಕೆ ಸಿಕ್ಕಿಕೊಂಡು ನಾಲ್ಕು ಹೊಲಿಗೆ ಹೋಗುವಷ್ಟರಲ್ಲಿ ಮತ್ತೆ ಪಟ್. ಅಂದರೆ ಸೂಜಿಗಳೆರಡನ್ನೂ ಬಿಚ್ಚಿ, ಲೂಪರ್ ಪೋಣಿಸಿ, ಮತ್ತೆ ಸೂಜಿಗಳಿಗೆ ಹಾಕಬೇಕು. ಇದನ್ನು ಅಕ್ಕ ಫೋನಿನಲ್ಲಿ ನಗುತ್ತಾ ಹೇಳಿದಳು, ನನಗೆ ನಗು ಬರಲಿಲ್ಲ.

ಬಣ್ಣ ಬದಲಿಸುವಾಗ ಒಂದು ಉಪಾಯವಿದೆ. ಹಳೆ ದಾರವನ್ನು ರೀಲಿನ ಹತ್ತಿರ ಕತ್ತರಿಸಿ, ಅದರ ತುದಿಗೆ ಹೊಸದನ್ನು ಗಂಟು ಹಾಕಿ, ಟೆನ್ಷನ್ (ದಾರದ ಬಿಗಿ) ಸಡಿಲಿಸಿ ಮೆಲ್ಲಗೆ ಎಳೆಯುವುದು. ಲೂಪರಿನ ಕಣ್ಣು ದೊಡ್ಡದು, ಗಂಟು ದಾಟುತ್ತದೆ. ಸೂಜಿಯ ಹತ್ತಿರ ಮಾತ್ರ ಗಂಟು ಕತ್ತರಿಸಿ ಕೈಯಿಂದ ಪೋಣಿಸಬೇಕು. ನಾಲ್ಕೂ ದಾರ ಬದಲಿಸುವ ಅಗತ್ಯವೂ ಇಲ್ಲ: ಹೊರಗೆ ಇಣುಕುವುದು ಎಡಗಡೆಯ ಸೂಜಿಯ ದಾರ ಒಂದೇ, ಉಳಿದ ಮೂರು ಬೂದು ಬಣ್ಣದವಿದ್ದರೂ ನಡೆಯುತ್ತದೆ. ಹೀಗೆಲ್ಲ ಮಾಡಿದರೆ ಬಣ್ಣದ ತಲೆನೋವು ತೀರುತ್ತದೆ, ಕಡಿಯುವ ತಲೆನೋವು ತೀರುವುದಿಲ್ಲ. ಗಾಳಿ ಊದಿ ದಾರ ದಾಟಿಸುವ ಮಷಿನ್ನುಗಳು ಬಂದಿವೆ. ಅವುಗಳ ಬೆಲೆ ನಾನು ಎತ್ತಿಟ್ಟ ದುಡ್ಡಿನ ಆಚೆಗಿದೆ.

ಓವರ್‌ಲಾಕಿನ ಅಂಚು ಕತ್ತರಿಸುವ ಚಾಕುವಿನದು ಇನ್ನೊಂದು ತಲೆನೋವು. ಬಟ್ಟೆ ಕತ್ತರಿಸುತ್ತಲೇ ಹೊಲಿಯುವುದರಿಂದ, ಹಾಕಿ ನೋಡಿ ಕಂಕುಳ ಹತ್ತಿರ ಚೂರು ಸಡಿಲಿಸೋಣವೆಂದರೆ ಸಡಿಲಿಸಲು ಬಟ್ಟೆಯೇ ಉಳಿದಿರುವುದಿಲ್ಲ. ನಾನು ಹೊಲಿಯುವ ರೀತಿಯೇ ಕಚ್ಚಾ ಹೊಲಿಗೆ ಹಾಕು, ಕನ್ನಡಿ ಮುಂದೆ ನಿಲ್ಲು, ಬಿಚ್ಚು, ಮತ್ತೆ ಹೊಲಿ ಅನ್ನುವುದು. ಗುಂಡುಪಿನ್ನೂ ಕೂಡದು, ಚಾಕುವಿಗೆ ಸಿಕ್ಕರೆ ಅದರ ಬಾಯಿ ಹೋಗುತ್ತದೆ, ಕ್ಲಿಪ್ಪೇ ಬೇಕು.

ಕತ್ತಿನ ಪಟ್ಟಿಗೆ ಎರಡೂ ಸಮ. ಕತ್ತಿನ ಸುತ್ತಳತೆಯ ಶೇ. 85ರಷ್ಟು ಉದ್ದದ ಪಟ್ಟಿ, ಎರಡನ್ನೂ ನಾಲ್ಕು ಪಾಲು ಮಾಡಿ ಗುರುತಿಗೆ ಗುರುತು ಕೂಡಿಸಿ, ಪಟ್ಟಿಯನ್ನಷ್ಟೇ ಎಳೆದು ಹೊಲಿಯುವುದು.

ಓವರ್‌ಲಾಕ್ ಕೊಂಡರೆ ಟಾಪ್ ಪೂರ್ತಿ ಅದರಲ್ಲೇ ಮುಗಿಯುತ್ತದೆ ಅಂದುಕೊಳ್ಳುವವರಿಗೆ ಕೆಳ ಅಂಚಿನ ವಿಷಯ ಹೇಳಲೇಬೇಕು. ಅಂಗಡಿಯ ಟೀ ಶರ್ಟಿನ ಅಂಚಿನಲ್ಲಿ ಕಾಣುವ ಆ ಎರಡು ಸಾಲು ಓವರ್‌ಲಾಕಿನದಲ್ಲ, ಕವರ್‌ಸ್ಟಿಚ್ ಅನ್ನುವ ಬೇರೆಯೇ ಮಷಿನ್ನಿನದು. ಎರಡೂ ಕೆಲಸ ಮಾಡುವ ಮಷಿನ್ ಇದೆ, ಅದು ಇನ್ನೂ ದುಬಾರಿ. ಹಾಗಾಗಿ ಅಕ್ಕನ ಮಷಿನ್ನಿನಲ್ಲಿ ಪಕ್ಕ, ತೋಳು ಹೊಲಿದ ಟಾಪೂ ಅಂಚಿಗೆ ನನ್ನ ಹಳೆ ಮಷಿನ್ನಿಗೇ ಬಂತು. ಅಲ್ಲಿ ಅವಳಿ ಸೂಜಿ ಹಾಕಿದೆ: ಮೇಲೆ ಎರಡು ದಾರ, ಕೆಳಗೆ ಒಂದೇ ಬಾಬಿನ್. ಮೇಲೆ ಎರಡು ನೇರ ಸಾಲು ಕಂಡರೂ ಒಳಗಡೆ ಬಾಬಿನ್ ದಾರ ಅಂಕುಡೊಂಕಾಗಿ ಹೋಗುವುದರಿಂದ ತಕ್ಕಮಟ್ಟಿಗೆ ಹಿಗ್ಗುತ್ತದೆ. ಎರಡು ಸಾಲಿನ ನಡುವೆ ಬಟ್ಟೆ ಏಣಿನಂತೆ ಉಬ್ಬಿದರೆ ಮೇಲಿನ ಟೆನ್ಷನ್ ಇಳಿಸಿ. ಜಿಗ್‌ಜ್ಯಾಗ್ ಇಲ್ಲದ, ದುಂಡು ತೂತಿನ ಪ್ಲೇಟಿನ ಮಷಿನ್ನಿಗೆ ಅವಳಿ ಸೂಜಿ ಹಾಕಬೇಡಿ, ಮೊದಲ ಸುತ್ತಿಗೇ ಮುರಿಯುತ್ತದೆ.

ಒಳಮೈ ಅಂದದಲ್ಲಿ ಜಿಗ್‌ಜ್ಯಾಗ್ ಸೋಲುತ್ತದೆ. ಆದರೆ ಜೆರ್ಸಿ ನೇಯ್ದ ಬಟ್ಟೆಯ ಹಾಗೆ ಎಳೆ ಬಿಡುವುದಿಲ್ಲ, ಅಂಚು ಸುರುಳಿಯಾಗುತ್ತದೆ ಅಷ್ಟೆ. ಸುರುಳಿ ಕಣ್ಣಿಗೆ ಚುಚ್ಚಿದರೆ ಹೊಲಿಗೆಯಾಚೆ ಉಳಿದ ಮಾರ್ಜಿನ್ ಎರಡನ್ನೂ ಕೂಡಿಸಿ ಇನ್ನೊಂದು ಅಗಲದ ಜಿಗ್‌ಜ್ಯಾಗ್ ಓಡಿಸಿ ಮಿಕ್ಕದ್ದು ಕತ್ತರಿಸುತ್ತೇನೆ.

ನಾನು ಹೊಲಿಯುವುದು ಬಿಡುವಾದಾಗ, ಊಟದ ಮೇಜಿನ ಮೇಲೆ, ಪ್ರತಿ ಸಲ ಬೇರೆ ಬಣ್ಣದ ಬಟ್ಟೆ. ಎರಡನೇ ಮಷಿನ್ನಿಗೆ ಮೇಜಿನ ಮೇಲೆ ಜಾಗವೂ ಇಲ್ಲ. ಮನೆಮಂದಿಗೆಲ್ಲ ಟೀ ಶರ್ಟು, ಪೈಜಾಮ ಹೊಲಿಯುವವರಿಗೆ, ಹೊಲಿದು ಮಾರುವವರಿಗೆ ಓವರ್‌ಲಾಕಿನ ವೇಗ ದುಡ್ಡು ಹುಟ್ಟಿಸುತ್ತದೆ, ಅಕ್ಕ ಅಂಥವಳೇ. ನನ್ನ ದುಡ್ಡಿನಲ್ಲಿ ಒಂದು ಚೂರು ವಾಕಿಂಗ್ ಫುಟ್‌ಗೆ ಹೋಯಿತು. ಅದು ಮೇಲಿನ ಪದರವನ್ನೂ ಕೆಳಗಿನದರ ಜೊತೆಗೇ ನಡೆಸುತ್ತದೆ, ಉದ್ದನೆಯ ಪಕ್ಕದ ಹೊಲಿಗೆಯಲ್ಲಿ ಒಂದು ತುದಿ ಮಿಕ್ಕುವುದು ಈಗ ನಿಂತಿದೆ. ಉಳಿದದ್ದು ಬಟ್ಟೆಗೆ.